ನೊಣದ ರೆಕ್ಕೆ ಹಿಡಿದ ಆರು ನೂರು ಮಕ್ಕಳು

ಅಧ್ಯಕ್ಷ ಪೀಠದಲ್ಲಿ ಬೆವರುತ್ತ ಕುಳಿತಿರುವ ಮಾನ್ಯ ಆನಂದತೀರ್ಥ ಸಾಹೇಬರೇ, ನನ್ನ ಪಾಲಿನ ಸಮಯದಲ್ಲೂ ತಾವೇ ಮಾತಾಡಿದ ಗಣ್ಯರೇ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಅಂಗನವಾಡಿ ಅಕ್ಕಂದಿರೇ, ಊಟದ ವಾಸನೆ ಬಂದರೂ ಎದ್ದು ಹೋಗದ ಧೀರ ಸಭಿಕರೇ,

ನಾನು ಮಾಂತೇಶ. ಮೂರು ತಿಂಗಳು ಬಸ್ಸಿನಲ್ಲಿ ಅಲೆದು ಆರು ನೂರ ಹನ್ನೆರಡು ಪುಟ್ಟ ಮಕ್ಕಳ ಕಣ್ಣು ಪರೀಕ್ಷಿಸಿದವನು. ಒಬ್ಬರಿಗೂ ದೋಷವಿಲ್ಲ ಎಂದು ವರದಿ ಕೊಟ್ಟವನು. ಅದಕ್ಕಾಗಿಯೇ ಈ ಶಾಲು, ಈ ಹಾರ. ದಣಿದಿದ್ದೇನೆ, ಹಾರವೂ ಭಾರವಾಗಿದೆ.

ಪರೀಕ್ಷೆ ಸರಳ. ಮಗುವಿಗೆ ಕಪ್ಪು ಕನ್ನಡಕ ಹಾಕಿ, ದೊಡ್ಡ ನೊಣದ ಚಿತ್ರ ತೋರಿಸಿ, ರೆಕ್ಕೆ ಹಿಡಿ ಅನ್ನುತ್ತೇವೆ. ಎರಡೂ ಕಣ್ಣು ಕೂಡಿ ನೋಡುವ ಮಗುವಿಗೆ ನೊಣ ಹಾಳೆಯಿಂದ ಎದ್ದು ಬಂದಂತೆ ಕಾಣುತ್ತದೆ; ಅದು ಗಾಳಿಯಲ್ಲಿ ಚಿವುಟುತ್ತದೆ. ಹಾಗೆ ಕಾಣದ ಮಗು ಹಾಳೆಯನ್ನೇ ಮುಟ್ಟುತ್ತದೆ.

ಆದರೆ ಮಹನೀಯರೇ, ಮೂರು ವರ್ಷದ ಮಗು ಇದಕ್ಕೆಲ್ಲ ಒಪ್ಪುತ್ತದೆಯೇ? ಅಳುತ್ತದೆ. ಕನ್ನಡಕ ಎಸೆಯುತ್ತದೆ. ಕಾಗಿನೆಲೆಯಲ್ಲಿ ಒಂದು ನನ್ನ ಹೆಬ್ಬೆರಳನ್ನೇ ಕಚ್ಚಿತು. ಆಗ ನಾನೊಂದು ಆಟ ಕಟ್ಟಿದೆ. ಎಲ್ಲರನ್ನೂ ಸಾಲಾಗಿ ಕೂರಿಸಿ, ಮೊದಲು ನಾನೇ ಗಾಳಿಯಲ್ಲಿ ಚಿವುಟಿ, ನೊಣದಿಂದ ಕಚ್ಚಿಸಿಕೊಂಡವನಂತೆ ಕುಣಿದೆ. ಮಕ್ಕಳು ಬಿದ್ದು ಬಿದ್ದು ನಕ್ಕವು. ಆಮೇಲೆ ಎಲ್ಲವೂ ಗಾಳಿಯಲ್ಲೇ ಚಿವುಟಿದವು. ಎಲ್ಲವೂ ಪಾಸು.

ಮೊನ್ನೆ ಕರ್ಜಗಿ ಬಸ್ ಸ್ಟ್ಯಾಂಡಿನಲ್ಲಿ ಮಂಗಳವ್ವ ಎಂಬ ಹಿರಿಯರು ಮೊಮ್ಮಗಳು ಅಂಜಲಿಯನ್ನು ಎಳೆದುಕೊಂಡು ಬಂದು ನನ್ನ ದಾರಿಗೆ ಅಡ್ಡ ನಿಂತರು. "ಎಲ್ಲಾ ಬರೋಬ್ಬರಿ ಐತಿ ಅಂತ ಬರಕೊಟ್ಟೀಯಲ್ಲ ತಮ್ಮಾ, ಹಂಗಾರ ಈ ಕೂಸು ನೀರು ಲೋಟದ ಹೊರಗ ಯಾಕ ಸುರೀತೈತಿ?"

ಚೀಲದಿಂದ ಚಿತ್ರ ತೆಗೆದೆ. ಕನ್ನಡಕ ಹಾಕಲಿಲ್ಲ. ಕನ್ನಡಕವಿಲ್ಲದೆ ಆ ನೊಣ ಯಾರಿಗೂ ಏಳುವುದಿಲ್ಲ. ಅಂಜಲಿ ಗಾಳಿಯಲ್ಲಿ ಅಚ್ಚುಕಟ್ಟಾಗಿ ಚಿವುಟಿ, ನಾನು ಯಾವಾಗ ಕುಣಿಯುತ್ತೇನೆಂದು ನನ್ನ ಮುಖ ನೋಡುತ್ತ ನಿಂತಳು.

ನಾನು ಕುಣಿಯಲಿಲ್ಲ.

ಮಕ್ಕಳು ನೊಣ ಕಂಡಲ್ಲ, ನನ್ನನ್ನು ನೋಡಿ ಚಿವುಟುತ್ತಿದ್ದಾರೆಂದು ಇಷ್ಟು ದಿನ ನನಗೇಕೆ ತಿಳಿಯಲಿಲ್ಲ ಅನ್ನುತ್ತೀರಾ? ನನ್ನ ಎಡಗಣ್ಣು ಮೊದಲಿಂದಲೂ ಮಸುಕು. ರಾಣೆಬೆನ್ನೂರಿನ ಶಾಲೆಯಲ್ಲಿ ಪ್ರತಿ ಕ್ಯಾಚೂ ಬಿಡುತ್ತಿದ್ದೆ. ಬಿಟ್ಟ ಕೂಡಲೇ ಪಲ್ಟಿ ಹೊಡೆದು ನಗಿಸುತ್ತಿದ್ದೆ. "ಬೇಕಂತನ ಬಿಡತಾನ ಕಿಡಿಗೇಡಿ" ಅನ್ನುತ್ತಿದ್ದರು ಮಾಸ್ತರರು. ನನಗೂ ಅದೇ ಚೆನ್ನಾಗಿತ್ತು. ಹದಿನಾಲ್ಕನೇ ವಯಸ್ಸಿಗೆ ಡಾಕ್ಟರು ನೋಡುವ ಹೊತ್ತಿಗೆ ಕಣ್ಣು ತಿದ್ದಲು ತಡವಾಗಿತ್ತು. ಹೀಗಾಗಿ ಸಭಿಕರೇ, ಆ ನೊಣ ಎದ್ದದ್ದನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಎಷ್ಟು ಎತ್ತರಕ್ಕೆ ಚಿವುಟಬೇಕೆಂದು ಮೊದಲ ದಿನದ ಮಕ್ಕಳ ಬೆರಳು ನೋಡಿ ಕಲಿತೆ. ಕಲಿತದ್ದನ್ನು ಉಳಿದವರಿಗೆಲ್ಲ ಕಲಿಸಿಬಿಟ್ಟೆ. ಇದನ್ನು ಹೇಳಬೇಕೆಂದು ಈ ವೇದಿಕೆ ಹತ್ತಿರಲಿಲ್ಲ.

ಅಂಜಲಿಗೆ ಈಗ ನಾಲ್ಕು. ನಿನ್ನೆ ಡಾಕ್ಟರು ಕನ್ನಡಕ ಬರೆದು, ಮಸುಕು ಕಣ್ಣು ದುಡಿಯಲೆಂದು ಒಳ್ಳೆಯ ಕಣ್ಣಿಗೆ ದಿನಕ್ಕೆ ಎರಡು ತಾಸು ಪಟ್ಟಿ ಕಟ್ಟಲು ಹೇಳಿದ್ದಾರೆ. ಸರಿಪಡಿಸಲು ಇನ್ನೂ ಹೊತ್ತಿದೆಯಂತೆ. ಉಳಿದ ಆರು ನೂರ ಹನ್ನೊಂದರಲ್ಲಿ ಇನ್ನೆಷ್ಟು ಅಂಜಲಿಯರಿದ್ದಾರೆ? ನನಗೆ ಗೊತ್ತಿಲ್ಲ. ವರದಿಗೂ ಗೊತ್ತಿಲ್ಲ.

ಸಾಹೇಬರೇ, ಊಟವಾದ ಮೇಲೆ ತಾವು ಆ ವರದಿಗೆ ಸಹಿ ಹಾಕುವವರಿದ್ದೀರಿ. ಹಾಕಬೇಡಿ. ಸೋಮವಾರದಿಂದ ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ, ಒಂದೊಂದೇ ಮಗುವನ್ನು ಒಳಗೆ ಕರೆದು, ಕುಣಿಯದೆ. ಶಾಲು ವಾಪಸು ಇಟ್ಟುಕೊಳ್ಳಿ. ಬದಲಿಗೆ ನನ್ನ ಜೊತೆ ನೊಣ ಕಾಣುವವರೊಬ್ಬರನ್ನು ಕಳಿಸಿಕೊಡಿ.

ಹಸಿದ ಹೊಟ್ಟೆಯಲ್ಲೂ ಕೇಳಿದ್ದಕ್ಕೆ ತಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.