ಬೆರಳು ಹೊಲದಲ್ಲಿ, ಚರ್ಮ ಲ್ಯಾಬಿನಲ್ಲಿ

ದೊಡ್ಡಬಳ್ಳಾಪುರದ ಮಹಾಸಭೆಯೇ! ಅಧ್ಯಕ್ಷರಾದ ಸಂಜೀವಪ್ಪನವರೇ, ಇಂದು ಸನ್ಮಾನ ಸ್ವೀಕರಿಸಿದ ನಮ್ಮೂರ ವಿಜ್ಞಾನಿ ಕವಿತಮ್ಮನವರೇ, ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ಹೆತ್ತವ್ವ ದ್ಯಾವಮ್ಮನೇ, ಸಭಿಕರೇ! ತಡೆಯಿರಿ, ಆ ವಿಮಾನ ದಾಟಿ ಹೋಗಲಿ. ಇಲ್ಲೇ ಪಕ್ಕದ ಮಧುರೆಯ ಈ ಕಾಂತರಾಜು ಮೂವತ್ತು ವರ್ಷ ನಾಟಕದಲ್ಲಿ ರಾಕ್ಷಸನಾಗಿ ಮೈಕಿಲ್ಲದೆ ಅಬ್ಬರಿಸಿದವನು. ಆದರೂ ವಿಮಾನದ ಜೊತೆ ಪೈಪೋಟಿ ಬೇಡ.

ಕವಿತಮ್ಮ ಮಾಡುವುದೇನು? ಜೀವವಿರುವ ಶಾಯಿ! ಲೋಳೆಯಂಥ ಜೆಲ್ಲಿನೊಳಗೆ ಮನುಷ್ಯನ ಜೀವಕೋಶ ಬೆರೆಸಿ, ಯಂತ್ರದ ಸೂಜಿಯಿಂದ ಪದರದ ಮೇಲೆ ಪದರ ಎಳೆದು ಚರ್ಮ ಮುದ್ರಿಸುತ್ತಾರೆ. ಜೆಲ್ಲು ತೆಳುವಾದರೆ ಹರಿದು ಹೋಗುತ್ತದೆ, ಗಟ್ಟಿಯಾದರೆ ಒಳಗಿನ ಜೀವ ಉಸಿರುಗಟ್ಟಿ ಸಾಯುತ್ತದೆ. ಆ ಹದಕ್ಕಾಗಿ ಈ ಹೆಣ್ಣುಮಗಳು ವರ್ಷಗಟ್ಟಲೆ ಹೆಣಗಿದ್ದಾರೆ. ನಮ್ಮ ನಾಟಕದ ಪಿಳ್ಳಣ್ಣ ಕೇಳಿದ, "ಹಂಗಾದ್ರೆ ನಿನ್ನ ರಾಕ್ಷಸನಿಗೆ ಇನ್ನೆರಡು ತಲೆ ಪ್ರಿಂಟ್ ಹೊಡ್ಸೋಣ್ವಾ ಗುರು?" ಇಲ್ಲಪ್ಪ, ಸದ್ಯಕ್ಕೆ ಉಗುರಿನಗಲದ ಚರ್ಮವೇ ದೊಡ್ಡದು.

ನನಗೂ ಇದಕ್ಕೂ ಏನು ಸಂಬಂಧ? ಸಕ್ಕರೆ ಕಾಯಿಲೆಯಿಂದ ಹುಣ್ಣಾಗಿ ಹೋದ ವರ್ಷ ನನ್ನ ಬಲಗಾಲಿನ ಹೆಬ್ಬೆರಳು ತೆಗೆದರು. ಮಾಯದ ಇಂಥ ಹುಣ್ಣನ್ನು ಅರಿಯಲು ಕವಿತಮ್ಮನಿಗೆ ನನ್ನಂಥವರದೇ ಚರ್ಮ ಬೇಕಿತ್ತು. ಆಸ್ಪತ್ರೆಗೆ ಬಂದು ಕೇಳಿದರು. ಅವ್ವ ಅಡ್ಡ ನಿಂತಳು.

"ನನ್ನ ಮಗನ ಮೈಯಿ ಕಂಡೋರ ಡಬ್ಬೀಲಿರಕೂಡ್ದು. ನಮ್ಮ ಹೊಲದಾಗೇ ಮಣ್ಣಾಗ್ಲಿ."

"ಬೆರಳು ನೀವೇ ಇಟ್ಕೊಳ್ಳಿ ಅಜ್ಜಿ, ಒಂಚೂರು ಚರ್ಮ ಕೊಡಿ ಸಾಕು."

ಅವ್ವ ಯೋಚಿಸಿದಳು. "ಅದಕ್ಕೆ ಹೊಟ್ಟೆಗೇನ್ ಹಾಕ್ತೀಯವ್ವ?"

"ಸಕ್ಕರೆ ಬೆರೆಸಿದ ನೀರು ಅಜ್ಜಿ."

"ಸಕ್ಕರೆಯಿಂದ್ಲೇ ಹೋಗಿದ್ದು, ಮತ್ತೆ ಸಕ್ಕರೇನಾ! ನೀನೂ ಇವನ ಥರಾನೇ!"

ಬೈದಳು, ಆದರೆ ಕೊಟ್ಟಳು. ಬೆರಳು ಹೊಲದಲ್ಲಿದೆ. ಚರ್ಮ? ಮೊನ್ನೆ ಲ್ಯಾಬಿನ ಪರದೆಯ ಮೇಲೆ ಕಂಡೆ ಸ್ವಾಮಿ! ಆ ಜೆಲ್ಲಿನೊಳಗೆ ನನ್ನ ಜೀವಕೋಶಗಳು ಒಂದಕ್ಕೊಂದು ಕೈ ಚಾಚಿ ಹಬ್ಬುತ್ತಿದ್ದವು. ನನ್ನ ಪಾದದಲ್ಲಿ ಆಗದ್ದು ಅಲ್ಲಿ ಆಗುತ್ತಿತ್ತು.

ಹೌದು, ಪಾದದಲ್ಲಿ ಆಗಲಿಲ್ಲ. ಅವ್ವನಿಗೆ ಇನ್ನೂ ಹೇಳಿಲ್ಲ... ಈಗ ಹೇಳಿದಂತಾಯಿತು. ಬೆರಳು ತೆಗೆದರೂ ಹುಣ್ಣು ಮೇಲೇರುತ್ತಿದೆ, ಪಾದ ತೆಗೆಯದಿದ್ದರೆ ಜೀವಕ್ಕೇ ಅಪಾಯ ಎಂದಿದ್ದಾರೆ ಡಾಕ್ಟರು. ಕುಂಟು ರಾಕ್ಷಸನಿಗೆ ಯಾರು ಹೆದರುತ್ತಾರೆ ಎಂದುಕೊಂಡು ಇಷ್ಟು ದಿನ ತಪ್ಪಿಸಿಕೊಂಡು ತಿರುಗಿದೆ. ಅಳಬೇಡವ್ವ. ನನ್ನಿಂದ ಬೇರೆಯಾದದ್ದೂ ಬದುಕುತ್ತದೆ, ಮುಂದೆ ಯಾರದೋ ಕಾಲು ಉಳಿಸಲು ನೆರವಾದೀತು ಎಂದು ತೋರಿಸಿದ ಕವಿತಮ್ಮ, ನಿಮಗೆ ನಾನು ಋಣಿ. ನನ್ನ ಭಯ ಪೂರ್ತಿ ಹೋಗಿಲ್ಲ, ಆದರೆ ಹೊರಡುವಷ್ಟು ಧೈರ್ಯ ಬಂದಿದೆ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನಮಸ್ಕಾರ. ನಾಳೆ ಬೆಳಿಗ್ಗೆ, ಅವ್ವನ ಕೈ ಹಿಡಿದು, ಈ ಎರಡೂ ಕಾಲಿನ ಮೇಲೆ ನಾನೇ ನಡೆದು ಹೋಗಿ ಆಸ್ಪತ್ರೆಯಲ್ಲಿ ಮಲಗುತ್ತೇನೆ.