ತಾರೀಖು ತಿದ್ದಿದ ಯಜಮಾನ

ಒಬ್ಬ ಶ್ರೀಮಂತನಿದ್ದ. ಯಾವ ಊರು ಎಂದು ಕೇಳಬೇಡಿ. ಹೇಳಿದರೆ ಇಲ್ಲಿ ಕಥೆ ಕೇಳಲು ಮುಂದಿನ ಸಾಲಿನಲ್ಲಿ ಕೂತವರೇ ಎದ್ದು ಹೋದಾರು. ಊದುಬತ್ತಿ ಕಾರ್ಖಾನೆಯ ಯಜಮಾನ. ಮನೆ ತುಂಬ ಪರಿಮಳ, ಮೂಗಿನ ತುದಿಯಲ್ಲಿ ಮಾತ್ರ ಸದಾ ಸಿಟ್ಟು.

ಇವನ ಒಬ್ಬಳೇ ಮಗಳು ತಾನು ಮೆಚ್ಚಿದವನನ್ನು ಮದುವೆಯಾಗಿ ಹೊರಟುಹೋದಳು. ಇವನು ಅವಳ ಫೋನ್ ನಂಬರ್ ಬ್ಲಾಕ್ ಮಾಡಿದ. ಮನೆಯಲ್ಲಿ ಅವಳ ಹೆಸರೆತ್ತಬಾರದೆಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದ. ಆದರೆ ಕರುಳು ಕೇಳಬೇಕಲ್ಲ! "ಅವಳಾಗಿ ಒಂದು ಸಾಲು ಬರೀಲಿ, ಎಲ್ಲಾ ಮರ್ತುಬಿಡ್ತೀನಿ" ಎಂದುಕೊಂಡು ದಿನಾ ಇಮೇಲ್ ತೆರೆದು ಕಾಯುತ್ತಿದ್ದ.

ಅಷ್ಟರಲ್ಲಿ ಜ್ಯೋತಿಷಿಯೊಬ್ಬರು, "ಯಜಮಾನ್ರೇ, ಆಯುಧಪೂಜೆ ತನಕ ನಿಮಗೆ ಗುರುಬಲ ಇತ್ತು. ಆಮೇಲೆ ಶನಿ ಹೆಗಲೇರಿದಾನೆ" ಎಂದರು. ಹೌದಲ್ಲ, ಮಗಳು ಹೋದದ್ದೂ ಆಮೇಲೆಯೇ! ಇವನು ಏನು ಮಾಡಿದ ಗೊತ್ತೇ? ಕಂಪ್ಯೂಟರಿನ ತಾರೀಖನ್ನೇ ಆಯುಧಪೂಜೆಗೆ ತಿರುಗಿಸಿದ. ದಿನಾ ಬೆಳಿಗ್ಗೆ ಅದಕ್ಕೆ ಕುಂಕುಮವಿಟ್ಟು ಮತ್ತೆ ಅದೇ ತಾರೀಖು. ಶನಿ ಬಂದು ನೋಡಿ, "ಓಹೋ, ನಾನು ಬೇಗ ಬಂದುಬಿಟ್ಟೆ" ಎಂದು ವಾಪಸು ಹೋಗಬೇಕಿತ್ತು, ಪಾಪ!

ಕೆಲವು ತಿಂಗಳು ಕಳೆದ ಮೇಲೆ ಇಮೇಲ್ ತೆರೆದರೆ ಸಾಕು, ಎಚ್ಚರಿಕೆ: "ಸರ್ವರಿನ ಭದ್ರತಾ ಸರ್ಟಿಫಿಕೇಟ್ ನಂಬುವಂತಿಲ್ಲ. ಮುಂದುವರಿಯಬೇಕೇ?" ಅದು ಪತ್ರ ತಂದುಕೊಡುವ ಸರ್ವರಿನ ಗುರುತಿನ ಚೀಟಿ ಕಣ್ರೀ, ಆಗಾಗ ಹೊಸ ತಾರೀಖು ಹಾಕಿ ಹೊಸದು ಕೊಡ್ತಾರೆ. ಕೆಳಗೆ ಇನ್ನೊಂದು ಸಾಲೂ ಇತ್ತು. ಇವನು ಓದಿದರೆ ತಾನೇ? "ಕಳ್ಳರು, ಬರೀ ಕಳ್ಳರು!" ಎಂದು "ಬೇಡ" ಒತ್ತುತ್ತಿದ್ದ. ಇಂಟರ್ನೆಟ್ಟಿನವನನ್ನು ಬೈದ, ಮೇಲ್ ಕಂಪನಿಯವರನ್ನು ಬೈದ, ಹೊಸ ಕಂಪ್ಯೂಟರನ್ನೇ ತಂದ. ತಂದು ಮೊದಲು ಮಾಡಿದ್ದೇನು? ತಾರೀಖು ಹಿಂದಕ್ಕೆ! ಎಚ್ಚರಿಕೆ ಮತ್ತೆ ಬಂತು, ಪತ್ರ ಬರಲಿಲ್ಲ. "ಕಲ್ಲು ಮನಸ್ಸು ಅವಳದು" ಎಂದು ಹಲುಬಿದ.

ಹೀಗೇ ವರ್ಷದ ಮೇಲಾಯಿತು. ಒಂದು ದಿನ ಹೆಂಡತಿಗೆ ತಡೆಯಲಾಗಲಿಲ್ಲ. "ಆ ಎರಡನೇ ಸಾಲೂ ಓದ್ರೀ" ಎಂದಳು. ಓದಿದ. "ಈ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲ. ನಿಮ್ಮ ಕಂಪ್ಯೂಟರಿನ ತಾರೀಖು ನೋಡಿಕೊಳ್ಳಿ." ಅವಳೇ ಕೈಹಾಕಿ ತಾರೀಖು ಸರಿಮಾಡಿದಳು. ಎಚ್ಚರಿಕೆ ಹೋಯಿತು, ಪತ್ರಗಳು ಒಂದರ ಹಿಂದೊಂದು ಬಂದವು.

"ಅಪ್ಪಾ, ಹೆಣ್ಣು ಮಗು ಹುಟ್ಟಿದೆ." "ಅಪ್ಪಾ, ನೀವೇ ಬಂದು ಹೆಸರಿಡಬೇಕು." "ಅಪ್ಪಾ, ತುಂಬಾ ಹೊತ್ತು ಕಾದ್ವಿ. ನೀವು ಬರ್ಲಿಲ್ಲ." ಕೊನೆಯದರಲ್ಲಿ ಬರೀ ಫೋಟೋ. ಕೂಸು ಗೋಡೆ ಹಿಡಿದು ನಿಂತಿತ್ತು.

ಶ್ರೀಮಂತ ಗಳಗಳನೆ ಅತ್ತ. "ಇದು ಯಾವಾಗ ಹುಟ್ತೇ?" ಎಂದ.

"ಊರಿಗೆಲ್ಲ ಗೊತ್ತು. ನಿಮ್ಮ ತಾರೀಖಲ್ಲಿ ಮಾತ್ರ ಇನ್ನೂ ಹುಟ್ಟಿಲ್ಲ" ಎಂದಳು ಹೆಂಡತಿ.

ಈಗ ಯಾಕೆ ಸುಮ್ಮನಾದಿರಿ? ಶನಿಯ ಕಥೆಗೆ ನಗುವಾಗ ಚೆನ್ನಾಗಿತ್ತಲ್ಲ! ಸೊಸೆ ಬಂದ ಹೊಸತರಲ್ಲಿ ಸಾರಿಗೆ ಉಪ್ಪು ಮರೆತಳೆಂದು ಇವತ್ತಿಗೂ ರುಚಿ ನೋಡಿಯೇ ಬಡಿಸುವ ಅತ್ತೆಯರು ಎಡಗಡೆ ಕೂತಿದ್ದಾರೆ. ಆಸ್ತಿ ಪಾಲಿನ ದಿನ ಅಣ್ಣ ಆಡಿದ ಮಾತಿನಲ್ಲೇ ನಿಂತವರು ಬಲಗಡೆ. ನಿಮ್ಮ ತಾರೀಖು ಯಾವುದು, ಸ್ವಾಮಿ?

ನೋಡಿ, ಎಚ್ಚರಿಕೆ ಬಂದರೆ ಕಣ್ಣುಮುಚ್ಚಿ "ಸರಿ" ಒತ್ತಬೇಡಿ, ಕಳ್ಳನೂ ಇದ್ದಾನು. ಸಿಟ್ಟಿನಲ್ಲಿ "ಬೇಡ" ಎನ್ನಲೂಬೇಡಿ. ಪೂರ್ತಿ ಓದಿ, ಮೊದಲು ನಿಮ್ಮ ತಾರೀಖು ನೋಡಿಕೊಳ್ಳಿ. ಆಮೇಲೆ ಲೋಕವನ್ನು ಬೈಯಿರಿ. ಪ್ರಸಾದಕ್ಕೆ ಏಳುವ ಮುಂಚೆ, ಯಾರ ನಂಬರ್ ಬ್ಲಾಕ್ ಮಾಡಿದ್ದೀರೋ ಇಲ್ಲೇ ಕೂತು ತೆಗೆಯಿರಿ, ಒಂದು ಫೋನ್ ಮಾಡಿ. ಪ್ರಸಾದ ಕಾಯುತ್ತದೆ. ಆ ಕೂಸು ಆಗಲೇ ಗೋಡೆ ಬಿಟ್ಟು ನಡೆಯುತ್ತಿದೆ.