ಕೊರ್ನೀಶ್ ಎಂಬ ಪದವನ್ನು ನಾನೇಕೆ ಬಿಟ್ಟೆ

ಅಧ್ಯಕ್ಷ ಪೀಠದಲ್ಲಿರುವ ಮಾನ್ಯ ಇನ್ಶಿರಾಹ್ ಅವರೇ, ಅಲೆಕ್ಸಾಂಡ್ರಿಯಾದ ಅರಬ್ಬಿ ಅಧ್ಯಾಪಕರ ಸಂಘದ ಪದಾಧಿಕಾರಿಗಳೇ, ಉದ್ದ ಭಾಷಣದ ಭಯದಿಂದ ಬಾಗಿಲ ಬಳಿಯೇ ಕುಳಿತಿರುವ ಜಾಣರೇ, ಸಭಿಕರೇ,

ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತಾ, ಮೂವತ್ತೇಳು ವರ್ಷಗಳಲ್ಲಿ ವಗ್ದಿ ಮೇಷ್ಟ್ರ ಬಾಯಿಂದ ಪರಭಾಷೆಯ ಒಂದು ಪದವೂ ಹೊರಬಿದ್ದಿಲ್ಲ ಎಂದರು. ಚಪ್ಪಾಳೆಯೂ ಬಿತ್ತು. ಚಪ್ಪಾಳೆ ನಿಲ್ಲುವ ಮೊದಲೇ ಒಂದು ಚುಚ್ಚು ಮಾತನ್ನೂ ಆಡಿದರು. ಪರಭಾಷೆಯ ಪದಗಳನ್ನು ಗಡೀಪಾರು ಮಾಡಲೆಂದೇ ಬರೆದ ನನ್ನ ಪದಕೋಶದಲ್ಲಿ ಎರಡು ಸಾವಿರ ಪದಗಳಿವೆಯಂತೆ. ಆದರೆ ಇಡೀ ಊರು ದಿನಕ್ಕೆ ನೂರು ಸಲ ಆಡುವ 'ಕೊರ್ನೀಶ್' ಮಾತ್ರ ಇಲ್ಲವಂತೆ. ಅದು ಫ್ರೆಂಚರದ್ದಲ್ಲವೇ? ಮೇಷ್ಟ್ರಿಗೆ ಮರೆವೇ?

ಫ್ರೆಂಚರದ್ದೇ, ಅನುಮಾನವಿಲ್ಲ. ಗೋಡೆಯ ನೆತ್ತಿಯಲ್ಲಿ ಮುಂಚಾಚಿದ ಅಂಚಿಗೆ ಅವರು ಹಾಗೆನ್ನುತ್ತಾರೆ. ಬೆಟ್ಟದಂಚಿನಲ್ಲಿ ಕಡಲನ್ನು ನೋಡುತ್ತಾ ಸಾಗುವ ದಾರಿಗೂ ಅದೇ ಹೆಸರಾಯಿತು. ನಮ್ಮೂರಿನಲ್ಲಿ ಬೆಟ್ಟವೆಲ್ಲಿದೆ? ಆದರೂ ಪದ ಬಂದಿತು, ಬಂದದ್ದು ಮನೆಮಗಳಾಯಿತು. ಕಡಲ ಪಕ್ಕದ ರಸ್ತೆ ಕೊರ್ನೀಶ್. ಚಾವಣಿಯ ಸುತ್ತ ಗಾರೆಯವರು ಎಳೆಯುವ ಅಲಂಕಾರದ ಪಟ್ಟಿಯೂ ಕೊರ್ನೀಶ್. ಹೆಣ್ಣುಮಕ್ಕಳ ಉಡುಪಿನ ತುದಿಯ ನೆರಿಗೆಯೂ ಕೊರ್ನೀಶ್. ಒಂದು ಪದ, ಮೂರು ಸಂಸಾರ!

ಇಪ್ಪತ್ತೈದರ ಹರೆಯದಲ್ಲಿ ನನಗೆ ಈ ಪದ ಕಂಡರೆ ಆಗುತ್ತಿರಲಿಲ್ಲ. ಪ್ರಬಂಧದಲ್ಲಿ ಬರೆದವರಿಗೆ ಅರ್ಧ ಅಂಕ ಕಡಿತ. ಹೀಗೆ ಉರಿಯುತ್ತಿದ್ದ ಕಾಲದಲ್ಲೇ ನನಗೆ ಮದುವೆ ನಿಶ್ಚಯವಾಯಿತು. ಹುಡುಗಿ ಬಹೀಗಾ, ಬಂದರಿನ ಬಳಿ ಹೊಲಿಗೆ ಅಂಗಡಿ ಇಟ್ಟಿದ್ದವಳು. ತಂದೆ ದರ್ವೀಶ್, ಚಾವಣಿಯ ಗಾರೆ ಕೆಲಸದಲ್ಲಿ ಹೆಸರಾದ ಕುಶಲಿಗರು. ಹುಡುಗಿಯ ತಾಯಿಯನ್ನು ಜೊತೆಗಿಟ್ಟುಕೊಂಡು ಒಮ್ಮೆ ಕಡಲ ಪಕ್ಕ ನಡೆದಾಡಿ ಬರಲು ಅವರು ಅಪ್ಪಣೆ ಕೊಟ್ಟರು.

ನಾನು ಪತ್ರ ಬರೆದೆ. ಎಂಥ ಪತ್ರ! ವ್ಯಾಕರಣದ ಒಂದು ಕೂದಲೂ ಕೊಂಕಿರಲಿಲ್ಲ. ಕೊರ್ನೀಶ್ ಎಂದು ಬರೆದೇನೇ? 'ಶುಕ್ರವಾರ ಹತ್ತಕ್ಕೆ ಕರಾವಳಿ ರಸ್ತೆಯಲ್ಲಿ ಕಾಯುವೆನು' ಎಂದು ಶುದ್ಧ ಅರಬ್ಬಿಯಲ್ಲಿ ಬರೆದೆ. ನಮ್ಮೂರಿನ ಯಾವ ಚಾಲಕನನ್ನು ಬೇಕಾದರೂ ಕೇಳಿ, ಕರಾವಳಿ ರಸ್ತೆ ಎಂದರೆ ಯಾವುದು? ಊರು ಬಿಟ್ಟು ಪಶ್ಚಿಮಕ್ಕೆ, ಮರಳುಗಾಡಿನ ನಡುವೆ, ಮತ್ರೂಹ್‌ಗೆ ಹೋಗುವ ಹೆದ್ದಾರಿ!

ಶುಕ್ರವಾರ ನಾನು ಊರೊಳಗೆ, ಶಾತ್ಬಿ ಬಡಾವಣೆಯ ಕಡಲಗೋಡೆಯ ಬಳಿ ನಿಂತೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಉಪ್ಪು ಹಾಕಿದ ತುರ್ಮುಸ್ ಕಾಳಿನ ಪೊಟ್ಟಣ. ಐದು ಪೊಟ್ಟಣ ಮುಗಿದವು, ಮಧ್ಯಾಹ್ನವಾಯಿತು, ಹುಡುಗಿ ಬರಲಿಲ್ಲ. ಅತ್ತ ತಾಯಿ ಮಗಳು ಊರಿನಿಂದ ನಲವತ್ತು ಕಿಲೋಮೀಟರ್ ದೂರದಲ್ಲಿ, ಒಂದು ಪೆಟ್ರೋಲ್ ಬಂಕಿನ ನೆರಳಿನಲ್ಲಿ, ನನಗಾಗಿ ಕಟ್ಟಿಕೊಂಡಿದ್ದ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ಬೇಯಿಸಿದ ಮಹ್ಶಿಯನ್ನು ಬಂಕಿನ ಕಾವಲುಗಾರನಿಗೆ ಬಡಿಸುತ್ತಿದ್ದರು.

ಮರುದಿನ ದರ್ವೀಶ್ ಅವರು ಶಾಲೆಗೇ ಬಂದರು. ಅಧ್ಯಾಪಕರೆಲ್ಲ ಚಹಾ ಕುಡಿಯುತ್ತಿದ್ದರು.

"ಏನಯ್ಯಾ ಮೇಷ್ಟ್ರೇ, ನನ್ನ ಮಗಳನ್ನ ಒಂಟೆ ಮೇಯಿಸೋಕೆ ಕಳಿಸಿದ್ಯಾ?"

"ಮಾವ, ಪತ್ರದಲ್ಲಿ ಸರಿಯಾಗೇ ಬರ್ದಿದ್ದೆ. ಕೊರ್ನೀಶ್ ಅನ್ನೋದು ನಮ್ಮ ಪದ ಅಲ್ಲ..."

"ನಿಮ್ದಲ್ದಿದ್ರೆ ನಂದು! ನಲವತ್ತು ವರ್ಷ ಏಣಿ ಮೇಲೆ ನಿಂತು ಕೊರ್ನೀಶ್ ಎಳೆದು ಅವಳನ್ನ ಸಾಕಿದೀನಿ. ನನ್ನ ಅನ್ನದ ಹೆಸರು ಹೇಳೋಕೆ ನಿನ್ನ ನಾಲಗೆಗೆ ನಾಚ್ಕೆಯಾ? ಈ ಸಂಬಂಧ ಇಲ್ಲಿಗೇ ಮುಗೀತು."

ಹೊರಟುಹೋದರು. ಗೆಳೆಯರು ಚಹಾ ಲೋಟದೊಳಗೆ ನಕ್ಕರು. ನಾನು ತರಗತಿಗೆ ಹೋಗಿ ವ್ಯಾಕರಣ ಪಾಠ ಮಾಡಿದೆ. ಕರ್ತೃ ಯಾವುದು, ಕರ್ಮ ಯಾವುದು ಎಂದು ಅಂದು ನನಗೇ ತಿಳಿಯಲಿಲ್ಲ.

ಹನ್ನೆರಡು ದಿನ ತಡೆದುಕೊಂಡೆ. ಹದಿಮೂರನೆಯ ದಿನ ಅವಳ ಅಂಗಡಿಗೆ ಹೋದೆ. ಹಬ್ಬದ ಹಿಂದಿನ ವಾರ, ಅಂಗಡಿ ತುಂಬ ಹೆಂಗಸರು. ಬಹೀಗಾ ಹೊಲಿಗೆ ಯಂತ್ರದಿಂದ ತಲೆಯೆತ್ತಲಿಲ್ಲ.

"ಏನ್ ಬೇಕಿತ್ತು ಮೇಷ್ಟ್ರೇ?"

"ಕೊ... ಕೊರ್ನೀಶ್" ಎಂದೆ.

"ಯಾವುದು? ಲಂಗಕ್ಕೆ ಹಾಕೋದಾ, ಮನೆಗೆ ಹಾಕೋದಾ? ಮನೇದಾದ್ರೆ ಅಪ್ಪನ್ನ ಕೇಳಿ. ಲಂಗದ್ದಾದ್ರೆ ಅಳತೆ ಕೊಡಿ."

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಮುದುಕಿ ಅಳತೆ ಟೇಪನ್ನು ನನ್ನ ಸೊಂಟಕ್ಕೇ ತಂದಳು.

"ನಡೆಯೋದು" ಎಂದೆ.

"ನಡೆಯೋಕೆ ನನ್ನನ್ಯಾಕೆ ಕೇಳ್ತೀರಿ? ರಸ್ತೆ ಸರ್ಕಾರದ್ದು."

"ಒಬ್ಬನೇ ನಡೆದು ನೋಡ್ದೆ, ಬಹೀಗಾ. ಹನ್ನೆರಡು ದಿನ ನಡೆದೆ. ಬರೀ ರಸ್ತೆ ಅದು."

ಯಂತ್ರ ನಿಂತಿತು. ಮುದುಕಿ ಟೇಪನ್ನು ಸುತ್ತಿಕೊಂಡು, "ಹೋಗೇ ಹುಡುಗಿ, ನನ್ನ ಲಂಗ ನಾಡಿದ್ದು ಆದ್ರೂ ಆಗತ್ತೆ" ಎಂದಳು.

ಅಧ್ಯಕ್ಷರೇ, ನಿಮ್ಮ ಪ್ರಶ್ನೆಗೆ ಇದೇ ಉತ್ತರ. ಯಾವ ಪದ ಹೇಳಿ ಹೆಂಡತಿಯನ್ನು ಕರೆದೆನೋ, ಅದನ್ನು ಯಾವ ಮುಖದಿಂದ ಗಡೀಪಾರು ಮಾಡಲಿ?

ಕಥೆ ಇನ್ನೂ ಸ್ವಲ್ಪವಿದೆ, ಮೂರನೆಯ ಸಾಲಿನಲ್ಲಿರುವವರು ಬೇಡವೆಂದು ಕೈಯಾಡಿಸುತ್ತಿದ್ದಾರೆ. ಆದರೂ ಹೇಳುತ್ತೇನೆ. ಮರುದಿನ ಬೆಳಿಗ್ಗೆ ನಾವಿಬ್ಬರೂ ನಡೆದೆವು. ಹತ್ತು ಹೆಜ್ಜೆ ಹಿಂದೆ, ಗಂಡನಿಗೆ ಹೇಳದೆ ಬಂದ ಅವಳ ತಾಯಿ. ನಾನು ನೇರ ಬೆನ್ನಿನಿಂದ ಕ್ರಿಯಾಪದಗಳ ಬಗ್ಗೆ ಏನೋ ಹೇಳುತ್ತಿದ್ದೆ. ಆಗ ಒಂದು ಅಲೆ ಗೋಡೆ ಹಾರಿ ಬಂದು ನನ್ನನ್ನು ನೆತ್ತಿಯಿಂದ ಅಂಗಾಲಿನವರೆಗೆ ತೋಯಿಸಿತು. ನನ್ನನ್ನು ಮಾತ್ರ! ಬಹೀಗಾ ಗೋಡೆ ಹಿಡಿದುಕೊಂಡು ನಕ್ಕಳು, ಕಣ್ಣೀರು ಬರುವವರೆಗೆ ನಕ್ಕಳು.

"ಇದಕ್ಕೇನಂತಾರೆ ಮೇಷ್ಟ್ರೇ, ನಿಮ್ಮ ಶುದ್ಧ ಭಾಷೇಲಿ?"

ಅಲೆಗೆ ಹನ್ನೊಂದು ಪದಗಳು ನನಗೆ ಬಾಯಿಪಾಠವಿದ್ದವು. ಹನ್ನೊಂದೂ ನಾಲಗೆಯ ತುದಿಗೆ ಬಂದವು. ಮೂಗಿನಿಂದ ಉಪ್ಪುನೀರು ಸುರಿಯುತ್ತಿತ್ತು.

"ಗೊತ್ತಿಲ್ಲ" ಎಂದೆ.

ಜೀವಮಾನದಲ್ಲಿ ನಾನಾಡಿದ ಮೊದಲ 'ಗೊತ್ತಿಲ್ಲ' ಅದು. ಅವಳ ನಗು ನಿಂತಿತು. ನನ್ನನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಆಮೇಲೆ ಕರವಸ್ತ್ರ ತೆಗೆದುಕೊಟ್ಟು, ಮೆಲ್ಲಗೆ ಹೇಳಿದಳು: "ಮುಖ ಒರೆಸ್ಕೊಳ್ಳಿ. ಅಪ್ಪನ ಹತ್ರ ನಾನೇ ಮಾತಾಡ್ತೀನಿ."

ಇಷ್ಟು ಹೊತ್ತು ತಾಳಿಕೊಂಡ ನಿಮಗೂ, ಮೂವತ್ತಾರು ವರ್ಷಗಳಿಂದ ತಾಳಿಕೊಂಡ ಆ ಮೂರನೆಯ ಸಾಲಿನವರಿಗೂ ಒಟ್ಟಿಗೇ ಕೃತಜ್ಞತೆ ಸಲ್ಲಿಸುತ್ತೇನೆ. ಎಲ್ಲರಿಗೂ ನಮಸ್ಕಾರ.